ಸೊರಬದ ಹಮ್ಮಿಂಗ್ ಬರ್ಡೂ ನಮ್ಮ ಗೋಡೆಯ ಮಡಿವಾಳವೂ

ಈ ಬೇಸಿಗೆಯಲ್ಲಿ ನನಗೆ ಒಂದು ಹಕ್ಕಿಯ ಮೇಲೆ ಸಿಟ್ಟು ಬಂದಿತ್ತು. ಅದನ್ನು ಡಾಕ್ಟರ ಮುಂದೆ ಹೇಳಿದ್ದು ನನ್ನ ದಡ್ಡತನ. ಬಿ.ಪಿ. ಯಾಕೆ ಏರಿದೆ ಎಂದು ಕೇಳಿದರು, ಇದ್ದದ್ದನ್ನು ಹೇಳಿದೆ. ತೋಳಿನ ಪಟ್ಟಿ ಬಿಚ್ಚುತ್ತಾ, “ಯಾವ ಹಕ್ಕಿ ಅಮ್ಮಾ?” ಅಂದರು. ಹಮ್ಮಿಂಗ್ ಬರ್ಡ್ ಅಂದೆ. “ಎಲ್ಲಿ ನೋಡಿದ್ರಿ?” ನೋಡಿಲ್ಲ, ಈ ಜನ್ಮದಲ್ಲಿ ನೋಡುವುದೂ ಇಲ್ಲ, ಅದು ಅಮೆರಿಕದ ಕಡೆಯ ಹಕ್ಕಿ, ನಮ್ಮ ದೇಶದಲ್ಲಿ ಎಲ್ಲೂ ಇಲ್ಲ ಅಂದೆ. ಆ ಡಾಕ್ಟರು ವಿನಯವಂತರು. ಅರ್ಧ ಮಾತ್ರೆಯನ್ನು ಒಂದಕ್ಕೆ ಏರಿಸಿ ಬರೆದುಕೊಟ್ಟರು.

ನೀವಾದರೂ ಪೂರ್ತಿ ಕೇಳಿ. ಕಾಣದ ಹಕ್ಕಿಯ ಮೇಲೆ ನನಗೆ ಸಿಟ್ಟು ಬಂದದ್ದು ದಿನಾ ಕಾಣುವ ಇನ್ನೊಂದು ಹಕ್ಕಿಯ ದೆಸೆಯಿಂದ.

ಶಿಕಾರಿಪುರದಲ್ಲಿ ನಾನಿರುವುದು ಮಹಡಿಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ವೀರೇಶಪ್ಪನವರ ಮೆಕ್ಕೆಜೋಳದ ಗೋಡೌನಿನ ಹಿಂಬದಿ ಗೋಡೆ. ವ್ಯೂ ಎಂದು ಹೇಳಿಕೊಳ್ಳುವಂಥದ್ದೇನಲ್ಲ. ಗಿಲಾವು ಕಾಣದ ಬರೀ ಇಟ್ಟಿಗೆ. ಕಟ್ಟುವಾಗ ಸಾರವೆಯ ಗಳ ತೂರಿಸಲು ಬಿಟ್ಟ ತೂತುಗಳನ್ನು ಆಮೇಲೆ ಯಾರೂ ಮುಚ್ಚಿಲ್ಲ. ಅಂಥ ಒಂದು ತೂತಿನಲ್ಲಿ ಒಂದು ಜೋಡಿ ಮಡಿವಾಳ ಹಕ್ಕಿಗಳ ಸಂಸಾರ. ಗಂಡಿಗೆ ತಲೆ, ಬೆನ್ನು, ಎದೆ ಎಲ್ಲ ಮಿಂಚುವ ಕಪ್ಪು. ಹೊಟ್ಟೆ ಬೆಳ್ಳಗೆ, ರೆಕ್ಕೆಯ ಮೇಲೊಂದು ಬಿಳಿ ಪಟ್ಟೆ. ಕೋರ್ಟಿಗೆ ಹೊತ್ತಾಯಿತೆಂದು ಓಡುವ ಲಾಯರಿನ ಠೀವಿ. ಹೆಣ್ಣಿನದು ಅದೇ ಕೋಟನ್ನು ಒಗೆದೂ ಒಗೆದೂ ಬಣ್ಣ ಬಿಟ್ಟಂಥ ಬೂದು.

ಬೆಳಕು ಹರಿಯುವ ಮುಂಚೆಯೇ ಗಂಡು ಹಕ್ಕಿ ನಮ್ಮ ಡಿಶ್ ಆಂಟೆನಾದ ಮೇಲೆ ಬಂದು ಕೂರುತ್ತದೆ. ಮೊದಲು ಒಂದು ಉದ್ದನೆಯ ಸಿಳ್ಳೆ, ಅದರ ಬೆನ್ನಿಗೆ ಏನೋ ಪ್ರಶ್ನೆ ಕೇಳಿದಂತೆ ಮೇಲಕ್ಕೆಳೆದ ಸ್ವರ, ಆಮೇಲೆ ತಾನೇ ಕೊಟ್ಟುಕೊಳ್ಳುವ ಉತ್ತರ. ನಡುನಡುವೆ ಪಿಕಳಾರದ ಅಣಕ, ಗಿಳಿಯ ಅಣಕ. ನಮ್ಮ ಯಜಮಾನರಿದ್ದಾಗ ಬೆಳಗಿನ ಮೊದಲ ಕಾಫಿಯನ್ನು ಆ ಕಿಟಕಿಯಲ್ಲಿ ನಿಂತೇ ಕುಡಿಯುತ್ತಿದ್ದರು. “ಇವತ್ತು ಹೊಸ ಐಟಮ್ ಸೇರಿಸಿದ್ದಾನೆ, ಕೇಳು” ಅನ್ನುತ್ತಿದ್ದರು. ನಾನು ಹಾಲು ಉಕ್ಕೀತೆಂಬ ಭಯದಲ್ಲಿ ಕೇಳಿಸಿಕೊಂಡವಳ ಹಾಗೆ ಹೂಂ ಅನ್ನುತ್ತಿದ್ದೆ. ಈಗ ಇಡುವುದು ಒಂದೇ ಲೋಟ ಕಾಫಿ. ಹಾಲು ಉಕ್ಕಿದರೆ ಉಕ್ಕಲಿ ಎಂದು ಪೂರ್ತಿ ಹಾಡು ಕೇಳುತ್ತೇನೆ.

ಏಪ್ರಿಲಿನ ಒಂದು ಶನಿವಾರ ವೀರೇಶಪ್ಪ ಮೇಸ್ತ್ರಿಯನ್ನು ಕರೆದುಕೊಂಡು ಬಂದು ಆ ಗೋಡೆಯನ್ನು ಅಳೆಯುತ್ತಿದ್ದರು. ಗೋಡೌನು ಖಾಲಿ ಇರುವ ಈ ಕಾಲದಲ್ಲೇ ರಿಪೇರಿ. ಕಿಟಕಿಯಿಂದಲೇ ಕೂಗಿ ಕೇಳಿದೆ. ಸೋಮವಾರದಿಂದ ಗಿಲಾವಂತೆ, ಆಮೇಲೆ ಬಣ್ಣವಂತೆ. ತೂತಿನಲ್ಲಿ ಮರಿಗಳಿವೆ, ಹಾರಿ ಹೋಗುವವರೆಗೆ ತಡೆಯಿರಿ ಅಂದೆ. ಒಳಗಿನಿಂದ ಚಿರ್ ಚಿರ್ ಎಂಬ ಸದ್ದು ಅವರಿಗೂ ಕೇಳುತ್ತಿತ್ತು.

“ಅದು ಮಡಿವಾಳ ಅಲ್ಲೇನ್ರಿ ಟೀಚರಮ್ಮ,” ಅಂದರು ವೀರೇಶಪ್ಪ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. “ಊರ ತುಂಬ ಅದಾವು. ಇಲ್ಲಿ ಹೋದ್ರ ಇನ್ನೊಂದು ಕಡಿ ಗೂಡು ಕಟ್ಟತಾವು. ಗ್ವಾಡಿ ಹಿಂಗ ಬಿಟ್ರ ಮಳಿಗಾಲದಾಗ ಜೋಳಕ್ಕ ಬೂಷ್ಟು ಹಿಡಿತೈತಿ. ಮೇಸ್ತ್ರಿ ಸಿಗೋದ ಕಷ್ಟ.”

ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು, ವಾದದಲ್ಲಿ ಸೋಲುವವಳಲ್ಲ. ಆದರೆ ಅವರ ಮಾತಿನಲ್ಲಿ ತಪ್ಪು ಹಿಡಿಯುವುದೂ ಕಷ್ಟವಾಗಿತ್ತು. ಜೋಳಕ್ಕೆ ಬೂಷ್ಟು ಹಿಡಿಯುವುದು ನಿಜ. ಊರ ತುಂಬ ಮಡಿವಾಳಗಳಿರುವುದೂ ನಿಜ. ಊರ ತುಂಬ ಮೆಕ್ಕೆಜೋಳವೂ ಇದೆಯಲ್ಲ, ನಿಮ್ಮದೊಂದು ಮೂಟೆ ಹೋದರೆ ಏನಾಯಿತು ಎಂಬ ಉತ್ತರ ಹೊಳೆದದ್ದು ಅವರು ಹೋಗಿ ಎಷ್ಟೋ ಹೊತ್ತಾದ ಮೇಲೆ.

ಸಂಜೆ ಅವರೇ ಮೆಟ್ಟಿಲು ಹತ್ತಿ ಬಂದರು. ಮನಸ್ಸು ಕರಗಿತೇನೋ ಅಂದುಕೊಂಡೆ. ಮುಖದಲ್ಲಿ ಭಾರಿ ಉತ್ಸಾಹ. “ಟೀಚರಮ್ಮ, ಸೊರಬದಾಗ ಹಮ್ಮಿಂಗ್ ಬರ್ಡ್ ಬಂದೈತಂತ. ವಿಡಿಯೋ ನೋಡಿದ್ರೇನು? ನಾಳಿ ನಾವೆಲ್ಲ ನೋಡಾಕ ಹೊಂಟೇವಿ. ಅದು ನಿಮ್ಮ ನಾದಿನಿಯವರ ಮನಿ ಅಂತಲ್ಲ? ಕಾರಿನಾಗ ಜಾಗ ಐತಿ, ಬರ್ರಿ.”

ವಿಡಿಯೋ ತೋರಿಸಿದರು. ನನ್ನ ನಾದಿನಿ ಗಿರಿಜೆಯ ಜಗಲಿ, ಜಗಲಿಯ ಬಲ್ಬಿನ ವಯರಿಗೆ ಜೋತುಬಿದ್ದ ಜೇಡರಬಲೆಯ ಸಂಚಿಯಂಥ ಗೂಡು, ಅದರ ಬಾಗಿಲಲ್ಲಿ ಹಳದಿ ಹೊಟ್ಟೆಯ ಸಣ್ಣ ಹಕ್ಕಿ. ಸೂರಕ್ಕಿ. ದಾಸವಾಳದ ಗಿಡ ಇರುವ ಯಾವ ಮನೆಗೂ ಬರುವ ಸೂರಕ್ಕಿ. ನನ್ನ ರಕ್ತ ಕುದಿಯಿತು. ಇಲ್ಲಿ ಗೋಡೆಯೊಳಗೆ ಮರಿಗಳ ಸಮೇತ ಮಡಿವಾಳವನ್ನು ಮುಚ್ಚಲು ಮೇಸ್ತ್ರಿ ಗೊತ್ತು ಮಾಡಿದ ಮನುಷ್ಯ, ಹೆಂಡತಿಯನ್ನು ಕರೆದುಕೊಂಡು, ಪೆಟ್ರೋಲು ಸುಟ್ಟು, ಸೊರಬಕ್ಕೆ ಹೋಗಿ ಇಲ್ಲದ ಹಕ್ಕಿಗೆ ಕೈಮುಗಿದು ಬರುತ್ತಾನೆ. ಇಟ್ ವಾಸ್ ಸಿಂಪ್ಲಿ ಟೂ ಮಚ್. ಬರುತ್ತೇನೆ ಅಂದೆ. ಅಲ್ಲೇ, ಎಲ್ಲರ ಮುಂದೆ, ಸತ್ಯ ಹೇಳಿ ಬಿಡುವುದೆಂದು ನಿರ್ಧರಿಸಿದ್ದೆ. ಸೊರಬದ ಹಕ್ಕಿಯ ಬಣ್ಣ ಬಯಲಾದರೆ ನಮ್ಮೂರಿನ ಹಕ್ಕಿಗೆ ನ್ಯಾಯ ಸಿಕ್ಕೀತು ಎಂಬ ಲೆಕ್ಕಾಚಾರ.

ಹಮ್ಮಿಂಗ್ ಬರ್ಡಿನ ಮೇಲೆ ನನಗೆ ವೈಯಕ್ತಿಕ ದ್ವೇಷ ಇಲ್ಲ. ಒಂದು ಕಾಲದಲ್ಲಿ ಅದು ನನ್ನ ಪ್ರೀತಿಯ ಹಕ್ಕಿ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದುವಾಗ ಐರ್ಲೆಂಡಿನಿಂದ ಬಂದ ಒಬ್ಬ ಸಿಸ್ಟರ್ ಇದ್ದರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಬಣ್ಣದ ಚಿತ್ರಗಳ ದೊಡ್ಡ ಪುಸ್ತಕ ತೆರೆದು ತೋರಿಸುವರು. ಹೆಬ್ಬೆರಳಿನಷ್ಟು ಹಕ್ಕಿ, ಗಂಟಲಲ್ಲಿ ಕೆಂಡದಂಥ ಕೆಂಪು, ಹೂವಿನ ಮುಂದೆ ಗಾಳಿಯಲ್ಲೇ ನಿಂತು ಜೇನು ಹೀರುತ್ತದೆ, ಹಿಂದಕ್ಕೂ ಹಾರುತ್ತದೆ. ನಾವು ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅದೇ ಹೊತ್ತಿಗೆ ಹೊರಗೆ ಗಂಟೆಕಂಬದ ಮೇಲೆ ಒಂದು ಕಪ್ಪು ಬಿಳಿ ಹಕ್ಕಿ ಗಂಟಲು ಹರಿಯುವ ಹಾಗೆ ಹಾಡುತ್ತಿತ್ತು. ಪಾಠ ಕೇಳಿಸುವುದಿಲ್ಲವೆಂದು ಸಿಸ್ಟರ್ ಕಿಟಕಿ ಮುಚ್ಚಿಸುತ್ತಿದ್ದರು. ಅದಕ್ಕೊಂದು ಹೆಸರಿದೆ ಎಂದು ನನಗೆ ತಿಳಿದದ್ದು ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ, ಬಾಡಿಗೆ ಮನೆಯ ಕಿಟಕಿಯಲ್ಲಿ, ಯಜಮಾನರ ಬಾಯಿಂದ.

ಆದ್ದರಿಂದ ಹೋಲಿಕೆ ಮಾಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಮೈಬಣ್ಣ ತೂಗಿದರೆ ಹಮ್ಮಿಂಗ್ ಬರ್ಡೇ ಮೇಲು, ಒಪ್ಪಿದೆ. ಹಾರುವ ಚಾತುರ್ಯವೂ ಅದರದೇ. ಮಡಿವಾಳಕ್ಕೆ ಹಿಂದಕ್ಕೆ ಹಾರಲು ಬಾರದು, ಹಾರಬೇಕಾದ ಅಗತ್ಯವೂ ಅದಕ್ಕೆ ಬಂದಂತಿಲ್ಲ. ಆದರೆ ಕಂಠ? ಮೊಮ್ಮಗಳು ಫೋನಿನಲ್ಲಿ ಹಾಕಿ ಕೇಳಿಸಿದಳು. ಅಷ್ಟು ಸುಂದರಿ ಬಾಯಿ ತೆರೆದರೆ ಎಣ್ಣೆ ಕಾಣದ ಹೊಲಿಗೆ ಮಷೀನಿನ ಕಿಚಕಿಚ. ಫಾರ್ ಹೆವನ್ಸ್ ಸೇಕ್, ಇದಕ್ಕಾಗಿ ಕಿಟಕಿ ಮುಚ್ಚಿದೆವೇ? ಇನ್ನು ಅಪರೂಪ ಎಂಬ ಮಾತು. ಅದಿರುವ ಊರಿನಲ್ಲಿ ಅದೂ ದಿನಾ ಬರುವ ಹಕ್ಕಿಯೇ ಇರಬೇಕು. ಅಲ್ಲಿ ಯಾರೋ ಒಬ್ಬ ವೀರೇಶಪ್ಪ ನಮ್ಮ ಮಡಿವಾಳದ ವಿಡಿಯೋ ನೋಡುತ್ತಾ, ಇಂಥದ್ದು ನಮ್ಮೂರಲ್ಲಿ ಯಾಕಿಲ್ಲ ಎಂದು ನಿಟ್ಟುಸಿರು ಬಿಡುತ್ತಿರಬಹುದು.

ಭಾನುವಾರ ಹೊರಟೆವು. ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿಯ ಬೋರ್ಡು ಕಂಡಿತು. ಇಲ್ಲದ ಹಕ್ಕಿಗೆ ಮರುಳಾಗುವುದು ನಮ್ಮ ಸೀಮೆಯ ಹಳೆಯ ಚಾಳಿಯೇ ಇರಬೇಕು ಅನ್ನಿಸಿತು. ಅಲ್ಲಿ ಎತ್ತರದ ಕಂಬ ನಿಲ್ಲಿಸಿ ಗೌರವಿಸಿರುವುದು ಯಾರನ್ನು? ಗಂಡಭೇರುಂಡನನ್ನು. ಎರಡು ತಲೆಯ, ಯಾರೂ ಕಾಣದ ಹಕ್ಕಿ. ಸ್ಕೂಲಿನ ಮಕ್ಕಳನ್ನು ಟ್ರಿಪ್ಪಿಗೆ ಕರೆದೊಯ್ದಾಗಲೆಲ್ಲ ಅವರು ಆ ಎರಡು ತಲೆಯನ್ನೇ ಬಿಡಿಸಿಕೊಳ್ಳುತ್ತಿದ್ದರು. ಕಂಬದ ತುದಿಗೆ ಕೂತು ಒಂದೇ ತಲೆಯಿಂದ ಅಷ್ಟು ಚೆನ್ನಾಗಿ ಹಾಡುವ ಹಕ್ಕಿಯನ್ನು ಯಾರೂ ಬಿಡಿಸಲಿಲ್ಲ.

ಗಿರಿಜೆಯ ಮನೆ ಮುಂದೆ ಮದುವೆ ಮನೆಯ ಹಾಗೆ ಚಪ್ಪಲಿಗಳು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅವಳ ಗಂಡ ಶಿವರಾಜಪ್ಪ, ನಿವೃತ್ತ ಶಿರಸ್ತೇದಾರರು, ಬಂದವರಿಗೆ ವಿವರಣೆ ಕೊಡುತ್ತಿದ್ದರು. ತಾಲೂಕಿನಲ್ಲಿ ಇದೊಂದೇ ಗೂಡು, ಅಕ್ಕಪಕ್ಕದ ತಾಲೂಕುಗಳಲ್ಲೂ ಇದ್ದ ಬಗ್ಗೆ ದಾಖಲೆ ಇಲ್ಲ ಎಂದು ಪಹಣಿ ಓದುವ ಗತ್ತಿನಲ್ಲಿ. ಪಕ್ಕದಲ್ಲಿ ಆನ್‌ಲೈನಿನಲ್ಲಿ ತರಿಸಿದ ಒಂದು ಕೆಂಪು ಪ್ಲಾಸ್ಟಿಕ್ ಬುಂಡೆ ತೂಗಾಡುತ್ತಿತ್ತು. ಅದರೊಳಗೆ ಸಕ್ಕರೆ ನೀರು, ಮೇಲೆ ಕಟ್ಟಿರುವೆಯ ಸಾಲು. ಹಮ್ಮಿಂಗ್ ಬರ್ಡಿಗಾಗಿಯೇ ಮಾಡಿದ ಬುಂಡೆಯಂತೆ. ಹಕ್ಕಿ ಅದರತ್ತ ತಿರುಗಿಯೂ ನೋಡದೆ ಜೇಡದ ಹುಳು ಕಚ್ಚಿಕೊಂಡು ಬಂದು ಮರಿಗೆ ತಿನ್ನಿಸಿತು. ವೀರೇಶಪ್ಪನ ಹೆಂಡತಿ ಏನೋ ಹೇಳಹೊರಟರೆ ವೀರೇಶಪ್ಪ ತುಟಿಗೆ ಬೆರಳಿಟ್ಟು, “ಸುಮ್ನಿರ ನೀ, ಹೆದರತೈತಿ” ಅಂದರು. ನಮ್ಮ ಗೋಡೆ ಅಳೆದ ಅದೇ ಮನುಷ್ಯ.

“ಎಕ್ಸ್‌ಕ್ಯೂಸ್ ಮಿ,” ಎಂದು ನಾನು ಶುರುಮಾಡುವುದರೊಳಗೆ ಗಿರಿಜೆ ನನ್ನ ರಟ್ಟೆ ಹಿಡಿದಳು. “ಅತ್ತಿಗೆ, ಕಾಫಿ ಕುಡಿರಿ ಮೊದ್ಲು” ಎಂದು ಅಡುಗೆಮನೆಗೆ ಎಳೆದುಕೊಂಡೇ ಹೋದಳು.

“ಅದು ಸೂರಕ್ಕಿ ಕಣೇ,” ಅಂದೆ, ಒಳಗೆ ಹೋಗಿದ್ದೇ ತಡ.

“ನಂಗೆ ಗೊತ್ತಿಲ್ವಾ?” ಅಂದಳು ಗಿರಿಜೆ, ಹಾಲು ಬಿಸಿಗಿಡುತ್ತಾ. “ಹುಟ್ಟಿದಾಗಿಂದ ನೋಡಿದ್ದೇನೆ. ನಮ್ಮನೆಯವ್ರು ಜಗಲಿಗೆ ಹೊಸ ಲೈಟು ಹಾಕಿಸ್ತೀನಿ ಅಂತ ಎಲೆಕ್ಟ್ರಿಷಿಯನ್ ಕರ್ಸಿದ್ರು. ಆ ಮಾರಾಯ ಸ್ಟೂಲ್ ಹತ್ತಿ ಕಟಿಂಗ್ ಪ್ಲೇರ್ ಬಾಯಿ ತೆಗ್ದಿದ್ದ. ಒಳಗೆ ಮೊಟ್ಟೆ. ಸೂರಕ್ಕಿ ಗೂಡು ಕೀಳ್ಬೇಡ್ರಿ ಅಂದ್ರೆ, ಸೂರಕ್ಕಿ ತಾನೆ ಅಂದ್ರು ಇವ್ರು. ಬಾಯಿಗೆ ಬಂದಿದ್ದು ಹೇಳ್ದೆ, ಇದು ಹಮ್ಮಿಂಗ್ ಬರ್ಡು, ಮುಟ್ಟಿದ್ರೆ ನೋಡಿ ಅಂತ. ಇಬ್ರೂ ಕಲ್ಲಾಗಿಬಿಟ್ರು.”

“ಆ ಹೆಸರು ನಿನಗೆ ಹೇಗೆ ಗೊತ್ತು?”

“ನೀವೇ ಅಲ್ವಾ ಹೇಳಿದ್ದು? ಮದುವೆ ಆದ ಹೊಸದ್ರಲ್ಲಿ ದಿನಾ ಅದೇ ಕತೆ. ನಮ್ಮ ಕಾನ್ವೆಂಟಲ್ಲಿ ಹಮ್ಮಿಂಗ್ ಬರ್ಡು, ನಮ್ಮ ಕಾನ್ವೆಂಟಲ್ಲಿ ನೈಟಿಂಗೇಲು. ನಾವೆಲ್ಲ ಹಳ್ಳಿ ಗುಗ್ಗುಗಳು ಅನ್ನೋ ಹಂಗೆ ನೋಡ್ತಿದ್ರಿ.” ಅವಳು ನಕ್ಕಳು. “ಈಗ ಹೊರಗೆ ಹೋಗಿ ಸತ್ಯ ಹೇಳ್ತೀರೋ, ಕಾಫಿ ಕುಡೀತೀರೋ?”

ಕಾಫಿ ಕುಡಿದೆ. ಗೂಡಿನಲ್ಲಿ ಮರಿಗಳಿದ್ದವು, ಸ್ಟೂಲು ಇನ್ನೂ ಮೂಲೆಯಲ್ಲೇ ಇತ್ತು. ಆದರೆ ನನ್ನ ಸಿಟ್ಟು ಇಳಿಯಿತು ಎಂದು ತಿಳಿಯಬೇಡಿ, ಅದು ದುಪ್ಪಟ್ಟಾಯಿತು. ಇದೇ ಊರಿನಲ್ಲಿ ಹುಟ್ಟಿ, ಇದೇ ದಾಸವಾಳ ಕುಡಿದು ಬೆಳೆದ ಒಂದು ಹಕ್ಕಿ, ತನ್ನ ಮೊಟ್ಟೆ ಉಳಿಸಿಕೊಳ್ಳಲು ಸಮುದ್ರದಾಚೆಯ ಹೆಸರು ಹೇಳಿಕೊಳ್ಳಬೇಕೆ? ಸ್ವಂತ ಹೆಸರಿನಲ್ಲಿ ಬದುಕಲು ಅದಕ್ಕೆ ಅರ್ಹತೆ ಇಲ್ಲವೆ? ಅವಮಾನ ಅಂದರೆ ಇದು. ಸೂರಕ್ಕಿಗೆ ಅದರ ಪರಿವೆಯೇ ಇಲ್ಲದ್ದರಿಂದ ಅದರ ಪರವಾಗಿ ನಾನೇ ಅವಮಾನಪಟ್ಟೆ.

ವಾಪಸು ಬರುವಾಗ ಕಾರಿನಲ್ಲಿ ವೀರೇಶಪ್ಪ, “ಇಂಥಾ ಹಕ್ಕಿ ನಮ್ಮೂರಿಗೆ ಯಾಕ ಬರಂಗಿಲ್ಲ ಟೀಚರಮ್ಮ?” ಅಂದರು. ಮರುದಿನ ಸೋಮವಾರ. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಸಿಸ್ಟರ್ ಕಲಿಸಿದ ಉಚ್ಚಾರಣೆಯನ್ನು ಒಂದು ಚೂರೂ ಕಮ್ಮಿಯಾಗದಂತೆ ಹೊರಗೆ ತೆಗೆದೆ. “ನಿಮ್ಮ ಗೋಡೌನಿನ ಗೋಡೆಯಲ್ಲಿ ಓರಿಯೆಂಟಲ್ ಮ್ಯಾಗ್‌ಪೈ ರಾಬಿನ್ ಗೂಡು ಕಟ್ಟಿದೆ, ವೀರೇಶಪ್ಪ” ಅಂದೆ.

ಕಾರು ನಿಧಾನವಾಯಿತು. “ಏನಂದ್ರಿ?” ಇನ್ನೊಮ್ಮೆ ಹೇಳಿದೆ. “ನಮ್ಮ ಗ್ವಾಡ್ಯಾಗ?”

ಹಿಂದಿನ ಸೀಟಿನಿಂದ ಅವರ ಹೆಂಡತಿ, “ಅಲ್ಲಿ ಮಡಿವಾಳ ಇತ್ತಲ್ಲ, ಅದನ್ನ ಓಡಿಸಿ ಇದು ಸೇರ್ಕೊಂಡಿರಬೇಕು” ಅಂದರು. ದೊಡ್ಡ ಹಕ್ಕಿ ಬಂದರೆ ಸಣ್ಣವು ನಿಲ್ಲುವುದಿಲ್ಲವೆಂದು ವೀರೇಶಪ್ಪ ಒಪ್ಪಿದರು. ನಾನು ಕಿಟಕಿಯಾಚೆ ತಾಳಗುಂದದ ಗದ್ದೆಗಳನ್ನು ನೋಡುತ್ತಾ ಕೂತೆ. ಹೇಳಿದ್ದು ಸುಳ್ಳಲ್ಲ. ಮಡಿವಾಳಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಅದು. ಪೂರ್ತಿ ಹೇಳಲಿಲ್ಲ, ಅಷ್ಟೆ. ಸಿಸ್ಟರ್ ಇದ್ದಿದ್ದರೆ ಅದನ್ನು ಸಿನ್ ಆಫ್ ಒಮಿಷನ್, ಹೇಳಬೇಕಾದ್ದನ್ನು ಹೇಳದೆ ಬಿಟ್ಟ ಪಾಪ, ಅನ್ನುತ್ತಿದ್ದರು. ಕಿಟಕಿ ಮುಚ್ಚಿಸಿದವರಿಗೆ ಅಷ್ಟು ಪಾಪ ನಾನು ಹಿಂದಿರುಗಿಸಬಹುದು.

ಸೋಮವಾರ ಮೇಸ್ತ್ರಿಗೆ ಮೊದಲು ಮುಂಬದಿಯ ಗೋಡೆ ಮಾಡಲು ಅಪ್ಪಣೆಯಾಯಿತು. ವೀರೇಶಪ್ಪ ಬೆಳಗಾದರೆ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಹಾಜರು. ಮೊದಲ ದಿನ, “ಮಡಿವಾಳದಂಗೇ ಐತಿ, ಆದ್ರ ಬಾಲ ನೋಡ್ರಿ, ಅದರ ಧಾಟಿನೇ ಬ್ಯಾರೆ” ಅಂದರು. ಎರಡನೆಯ ದಿನ ಅಳಿಯನನ್ನು ಕರೆತಂದರು. ಆಮೇಲೆ ಒಬ್ಬರೇ ಬಂದು, ನಾನು ಕೊಟ್ಟ ಕಾಫಿ ಹಿಡಿದುಕೊಂಡು, ಹಾಡು ಕೇಳುತ್ತಾ ನಿಲ್ಲತೊಡಗಿದರು. ಯಜಮಾನರು ನಿಲ್ಲುತ್ತಿದ್ದ ಜಾಗದಲ್ಲೇ. ಒಂದು ದಿನ, “ಇವತ್ತು ಗಿಳಿ ದನಿ ತಗದ ನೋಡ್ರಿ” ಅಂದರು. ನಾನು ಒಲೆಯ ಕಡೆ ತಿರುಗಿಕೊಂಡೆ; ಹಾಲು ಉಕ್ಕುತ್ತಿರಲಿಲ್ಲ.

ಮುಂಬದಿಯ ಗೋಡೆ ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಮೇಸ್ತ್ರಿ ಹಿಂಬದಿಗೆ ಬಂದು ಸಿಮೆಂಟು ಕಲಸಿ ಕೂತ. ಅದೇ ಹೊತ್ತಿಗೆ ವೀರೇಶಪ್ಪನ ತಾಯಿ, ಊರಿನಿಂದ ಬಂದವರು, ಮಗ ಹೊಗಳುವ ಹಕ್ಕಿಯನ್ನು ನೋಡಲು ಕೋಲೂರಿಕೊಂಡು ಬಂದರು. ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

“ಇದು ಮಡಿವಾಳ ಐತಲೋ ತಮ್ಮಾ.”

“ಅವ್ವಾ, ನಿನಗ ತಿಳಿಯಂಗಿಲ್ಲ, ಸುಮ್ನಿರು. ಇದು ಬ್ಯಾರೆ.”

“ನನ್ನ ಕಣ್ಣಿಗೆ ಪೊರೆ ಬಂದೈತಿ, ಕಿವಿಗೆ ಬಂದಿಲ್ಲ. ಮಡಿವಾಳ ಇದು.”

ವೀರೇಶಪ್ಪ ತಲೆ ಎತ್ತಿ ಕಿಟಕಿಯ ಕಡೆ ನೋಡಿದರು. “ಟೀಚರಮ್ಮ, ಅವ್ವ ಇದು ಮಡಿವಾಳ ಅಂತಾಳ. ಹೌದೇನ್ರಿ?”

ಮೇಸ್ತ್ರಿಯ ಕರಣೆಯ ಮೇಲೆ ಗಾರೆ ಇತ್ತು. ತೂತಿನಿಂದ ಮೂರು ಬಾಯಿಗಳು ಕಾಣುತ್ತಿದ್ದವು. ಗಿರಿಜೆಯಾಗಿದ್ದರೆ ಇಂಥ ಹೊತ್ತಿನಲ್ಲಿ ಏನಾದರೊಂದು ಹೊಸೆದು ಹೇಳುತ್ತಿದ್ದಳು. ನನಗೆ ಹೆಸರು ಮುಚ್ಚಿಡಲು ಬರುತ್ತದೆ, ಇಲ್ಲವೆನ್ನಲು ಬಾರದು. ಅದಕ್ಕಿಂತ ಹೆಚ್ಚಾಗಿ, ಆ ಹಕ್ಕಿಯ ಮುಂದೆಯೇ ಅದರ ಹೆಸರನ್ನು ಅಲ್ಲಗಳೆಯಲು ನನಗೆ ನಾಚಿಕೆಯಾಯಿತು. “ಹೌದು ವೀರೇಶಪ್ಪ,” ಅಂದೆ. “ಮಡಿವಾಳವೇ. ನಾನು ಹೇಳಿದ್ದು ಅದರ ಇಂಗ್ಲಿಷ್ ಹೆಸರು. ಊರ ತುಂಬ ಇರುವ ಹಕ್ಕಿಯೇ.”

ಅವರು ತಿರುಗಿ ತೂತಿನ ಕಡೆ ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ಅದು ನ್ಯಾಯವೇ ಆಗಿತ್ತು. ಮೇಸ್ತ್ರಿ, “ಏನ್ ಮಾಡಾಣ್ರಿ ಸಾವ್ಕಾರ್ರ?” ಅಂದ.

“ತಡಿ,” ಅಂದರು ವೀರೇಶಪ್ಪ. ಧ್ವನಿಯಲ್ಲಿ ಮುನಿಸಿತ್ತು. “ನಡುವಿನ ಮರಿಗೆ ಇನ್ನಾ ಸರಿಯಾಗಿ ಪುಕ್ಕ ಬಂದಿಲ್ಲ. ಆಚಿ ತುದಿಯಿಂದ ಶುರು ಮಾಡು. ಇಲ್ಲಿ ಬಂದಾಗ ನನ್ನ ಕೇಳು.”

ಮರಿಗಳು ಹಾರಿದವು. ಗಿಲಾವೂ ಮುಗಿಯಿತು, ಬಣ್ಣವೂ ಬಂತು. ಕಣ್ಣಿಗೆ ಹೊಡೆಯುವ ಹಸಿರು, ಅದರ ಬಗ್ಗೆ ನಾನು ಇನ್ನೊಂದು ಪ್ರಬಂಧವನ್ನೇ ಬರೆಯಬಹುದು. ಆ ತೂತನ್ನು ಮಾತ್ರ ಮೇಸ್ತ್ರಿಯ ಕೈಯಲ್ಲಿ ಸುತ್ತ ಅಚ್ಚುಕಟ್ಟಾಗಿ ಅಂಚು ಕಟ್ಟಿಸಿ, ಮೇಲೊಂದು ಗೇಣಿನ ಸಜ್ಜಾ ಬಿಡಿಸಿ, ಹಾಗೇ ಉಳಿಸಿದ್ದಾರೆ. ಮಳೆಯ ಎರಚಲು ಒಳಗೆ ಹೋಗಬಾರದಂತೆ.

ಆದರೂ ನನ್ನ ಬಿ.ಪಿ. ಪೂರ್ತಿ ಇಳಿದಿಲ್ಲ. ಮೊನ್ನೆ ಸೊರಬದಿಂದ ಗಿರಿಜೆ ಮತ್ತು ಶಿವರಾಜಪ್ಪ ಬಂದಿದ್ದರು. ಕೆಳಗೆ ವೀರೇಶಪ್ಪ ಅವರನ್ನು ನಿಲ್ಲಿಸಿಕೊಂಡು ಗೋಡೆ ತೋರಿಸುತ್ತಿದ್ದರು. “ಮಡಿವಾಳ ಅಂತಾರ್ರೀ ಇದಕ್ಕ. ಏನ್ ಕಂಠ ಅಂತೀರಿ! ನಮ್ಮ ಟೀಚರಮ್ಮ ಇಷ್ಟು ವರ್ಷದಿಂದ ಎದುರಿಗೇ ಅದಾರ, ಒಂದಿನ ಸರಿಯಾಗಿ ನೋಡಿರಲಿಲ್ಲ. ಇಂಗ್ಲಿಷ್ ಹಕ್ಕಿ ಅಂತ ತಿಳಿದಿದ್ರು. ನಾನ ಕರದು ತೋರಿಸಿದ ಮ್ಯಾಲ ಗೊತ್ತಾತು.”

ತಿದ್ದಲು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ವಾಕ್ಯವೂ ಸಿದ್ಧವಾಗಿತ್ತು, ಇಂಗ್ಲಿಷಿನಲ್ಲಿ, ಸಾಕಷ್ಟು ಖಾರವಾಗಿ. ಆಮೇಲೆ ಅದನ್ನು ನುಂಗಿಕೊಂಡೆ. ನನ್ನದು ಎಂದು ನಾನೊಬ್ಬಳೇ ಇಷ್ಟು ವರ್ಷ ಹೇಳಿಕೊಂಡಿದ್ದ ಹಕ್ಕಿಗೆ ಒಂದು ಇಟ್ಟಿಗೆಯ ಭರವಸೆಯನ್ನೂ ಕೊಡಲಾಗಿರಲಿಲ್ಲ. ಈಗ ಗೋಡೆ ಇರುವವನೇ ಅದನ್ನು ತನ್ನದು ಅನ್ನುತ್ತಿದ್ದಾನೆ. ಜಗಳವಾಡಿ ಗೆದ್ದರೆ ಸೋಲುವುದು ಮರಿಗಳು. ಗಿರಿಜೆ ಮೇಲೆ ನೋಡಿ ಕಣ್ಣು ಮಿಟುಕಿಸಿದಳು. ನಾನು ಒಳಗೆ ಹೋಗಿ ಎಲ್ಲರಿಗೂ ಸೇರಿಸಿ ಕಾಫಿಗೆ ನೀರಿಟ್ಟೆ, ವೀರೇಶಪ್ಪನಿಗೆ ಸಕ್ಕರೆ ಸ್ವಲ್ಪ ಕಮ್ಮಿ ಹಾಕಿದೆ.